ಬಾಸೆಲ್ ಮಿಶನ್: ಪಾದ್ರಿಗಳನ್ನು ಹಿಡಿದುಕೊಂಡು ಹೋದ ಮೇಲೂ ಸಭೆ ಉಳಿದದ್ದು ಹೇಗೆ?

ಹಂಚು ಅಂದರೆ ಮಂಗಳೂರು ಹಂಚು. ಅದನ್ನು ಮೊದಲು ಮಾಡಿದ್ದು ಬಾಸೆಲ್ ಮಿಶನ್‌ನವರು ಅನ್ನುವುದು ನಮ್ಮ ಜಿಲ್ಲೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಆದರೆ 1914ರಲ್ಲಿ ಮಹಾಯುದ್ಧ ಶುರುವಾಗಿ, ಆ ಮಿಶನ್ನಿನ ಜರ್ಮನ್ ಪಾದ್ರಿಗಳು ಬಂಧನದ ಶಿಬಿರ ಸೇರಿದಾಗ ಇಲ್ಲಿಯ ಜನರ ಗತಿ ಏನಾಯಿತು ಅನ್ನುವ ಕತೆ ಅಷ್ಟು ಮಂದಿಗೆ ಗೊತ್ತಿಲ್ಲ. ಕಾರ್ಖಾನೆಗಳು ಬೇರೆಯವರ ಪಾಲಾದವು. ಸಭೆ ಮಾತ್ರ ಉಳಿಯಿತು. ಒಂದು ಉಳಿದು ಇನ್ನೊಂದು ಕೈತಪ್ಪಿದ್ದು ಯಾಕೆ ಅನ್ನುವುದು ಅಂಗಡಿ, ಸಂಘ, ಶಾಲೆ, ದೇವಸ್ಥಾನದ ಸಮಿತಿ ಹೀಗೆ ಏನನ್ನೇ ನಡೆಸುವವರೂ ತಿಳಿದುಕೊಳ್ಳಬೇಕಾದ ವಿಷಯ.

ಚುಟುಕಾಗಿ ಇಸವಿಗಳು

• 1815: ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಿಶನ್ ಸ್ಥಾಪನೆ.
• 1834: ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ.
• 1843: ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'.
• 1844: ಆನಂದರಾವ್ ಕೌಂಡಿನ್ಯ ಅವರಿಗೆ ದೀಕ್ಷಾಸ್ನಾನ.
• 1865: ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ.
• 1894: ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು.
• 1914: ಮಹಾಯುದ್ಧ, ಮಿಶನರಿಗಳ ಬಂಧನ.
• 1947: ದಕ್ಷಿಣ ಭಾರತ ಸಭೆ (ಸಿಎಸ್‌ಐ) ಉದಯ.

ಬಂದದ್ದು ಹೇಗೆ?

ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ ಬ್ರಿಟಿಷರಲ್ಲದ ಮಿಶನರಿಗಳಿಗೆ ಇಲ್ಲಿ ನೆಲೆ ನಿಲ್ಲುವುದು ಸುಲಭ ಇರಲಿಲ್ಲ. 1833ರ ಚಾರ್ಟರ್ ಕಾಯ್ದೆ ಬಂದ ಮೇಲೆ ಬಾಗಿಲು ತೆರೆಯಿತು. ಮರುವರ್ಷವೇ ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಆಮೇಲೆ ಧಾರವಾಡ, ಹುಬ್ಬಳ್ಳಿ ಕಡೆಗೂ, ಈಚೆ ಮುಲ್ಕಿ, ಉಡುಪಿ ಕಡೆಗೂ ಕೆಲಸ ಹಬ್ಬಿತು.

ಕಲಿಸಲಿಕ್ಕೆ ಅಂತ ಬಂದವರು ಮೊದಲು ತಾವೇ ಕಲಿಯಬೇಕಾಯಿತು. ಪೇಟೆಯಲ್ಲಿ ಕನ್ನಡ, ಹಳ್ಳಿಯಲ್ಲಿ ತುಳು, ಇನ್ನೊಂದು ಕಡೆ ಕೊಂಕಣಿ. ಭಾಷೆ ಬಾರದಿದ್ದರೆ ಇಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ಹಾಗೆ ಕೂತು ಕಲಿತದ್ದರ ಫಲವಾಗಿ 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರ ಸುಮಾರು 70,000 ಪದಗಳ ಕನ್ನಡ ನಿಘಂಟು ಬಂದವು. ಮೋಗ್ಲಿಂಗ್ 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ದಲ್ಲಿ ಊರ ವರ್ತಮಾನ, ಸರಕಾರದ ಆದೇಶ, ಪರದೇಶದ ಸುದ್ದಿ ಎಲ್ಲ ಇರುತ್ತಿತ್ತು. ಅದಕ್ಕೇ ಜುಲೈ 1 ನಮ್ಮಲ್ಲಿ ಪತ್ರಿಕಾ ದಿನ. ನೀವು ಈಗ ಫೋನಿನಲ್ಲಿ ಓದುವ ಊರ ಸುದ್ದಿಗೆಲ್ಲ ಅದು ಮುತ್ತಜ್ಜ ಅಂದರೂ ಸರಿಯೇ.

ನಂಬಿಕೆ ಬದಲಾಯಿಸಿದವರ ಪಾಡು

ಆಗ ಹೊಸ ನಂಬಿಕೆ ಹಿಡಿಯುವುದೆಂದರೆ ಭಾನುವಾರ ಹೋಗುವ ಜಾಗ ಬದಲಾಯಿಸಿದಷ್ಟು ಸುಲಭದ ಮಾತಲ್ಲ. ಮನೆ ಬಿಡಬೇಕಾಗುತ್ತಿತ್ತು. ಬಂಧುಬಳಗ ದೂರ ಆಗುತ್ತಿತ್ತು. ಧಣಿಯ ಭೂಮಿಯಲ್ಲಿ ಗೇಣಿಗೆ ಇದ್ದವರಿಗೆ ಒಕ್ಕಲು ಕೈಬಿಟ್ಟು ಹೋಗುವ ಭಯ. ಕುಲಕಸುಬು ಜಾತಿಗೆ ಅಂಟಿಕೊಂಡಿದ್ದ ಕಾಲ ಅದು. ಜಾತಿಯಿಂದ ಹೊರಗೆ ಬಿದ್ದವನು ಕಸುಬಿನಿಂದಲೂ ಹೊರಗೆ.

ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನ್ ಸೇರಿದವರಲ್ಲಿ ಬಿಲ್ಲವ ಸಮುದಾಯದವರ ಸಂಖ್ಯೆ ದೊಡ್ಡದು. ಅವರಲ್ಲಿ ಎಷ್ಟೋ ಮಂದಿಗೆ ಮೂರ್ತೆಯೇ ಜೀವನ. ಆದರೆ ಹೆಂಡದ ಕಸುಬು ಮಿಶನ್ನಿಗೆ ಒಪ್ಪಿಗೆ ಇರಲಿಲ್ಲ. ಅಂದರೆ ನಂಬಿಕೆಯ ಜೊತೆಗೆ ಹೊಟ್ಟೆಪಾಡೂ ಬದಲಾಗಬೇಕು! ಅದರ ಮೇಲೆ ಅಳಿಯಸಂತಾನದ ಮನೆಯವರಿಗೆ ಆಸ್ತಿಯ ಗೋಜಲು ಬೇರೆ.

ಕಾನೂನಿನ ಆಸರೆ ನಿಧಾನಕ್ಕೆ ಬಂತು. ಧರ್ಮ ಬದಲಾಯಿಸಿದ ಮಾತ್ರಕ್ಕೆ, ಜಾತಿಯಿಂದ ಹೊರಹಾಕಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗುವುದಿಲ್ಲ ಅಂತ 1850ರ ಕಾಯ್ದೆ ಹೇಳಿತು. 1865ರ ಉತ್ತರಾಧಿಕಾರ ಕಾಯ್ದೆ ಭಾರತೀಯ ಕ್ರೈಸ್ತರಿಗೂ ಅನ್ವಯವಾಯಿತು. ಆದರೆ ಕಾಯ್ದೆ ಇದ್ದ ಮಾತ್ರಕ್ಕೆ ನಾಳೆಯ ಗಂಜಿ ಬೇಯುವುದಿಲ್ಲವಲ್ಲ.

ಗಂಜಿಗೆ ದಾರಿ: ಮಗ್ಗ ಮತ್ತು ಹಂಚು

ದಾನ ಕೊಟ್ಟು ಸಾಕುತ್ತಾ ಹೋದರೆ ಜನ ಕೊನೆಯವರೆಗೂ ಕೈಚಾಚಿಯೇ ಇರುತ್ತಾರೆ ಅನ್ನುವ ಚಿಂತೆ ಮಿಶನ್ನಿಗೆ ಇತ್ತು. ಹಾಗಾಗಿ ಕೆಲಸ ಹುಡುಕಲು ಹೊರಟರು. ಮೊದಲ ಪ್ರಯತ್ನಗಳು ಅಷ್ಟಾಗಿ ಕೈಹಿಡಿಯಲಿಲ್ಲ. ಕಾಫಿ, ಸಕ್ಕರೆ, ಗಡಿಯಾರದ ಕೆಲಸ ಅಂತ ಒಂದೊಂದಾಗಿ ನೋಡಿ ಬಿಟ್ಟರು.

1851ರಲ್ಲಿ ಯೋಹಾನ್ ಹಾಲ್ಲರ್ ಎಂಬ ನೇಕಾರ ಬಂದ ಮೇಲೆ ಬಲ್ಮಠದ ಮಗ್ಗಗಳಿಗೆ ಹೊಸ ಕಳೆ ಬಂತು. ಖಾಕಿ ಬಣ್ಣ ಹುಟ್ಟಿದ್ದು ಹಾಲ್ಲರ್ ಅವರ ಕೈಯಲ್ಲೇ ಎಂಬ ಮಾತು ಮಂಗಳೂರಿನಲ್ಲಿ ಇಂದಿಗೂ ಉಂಟು. 1859ರಲ್ಲಿ ಬಾಸೆಲ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವ್ಯಾಪಾರಿ ಕಂಪನಿ ಶುರುವಾಯಿತು. ಧರ್ಮದ ಲೆಕ್ಕ ಬೇರೆ, ವ್ಯಾಪಾರದ ಲೆಕ್ಕ ಬೇರೆ ಅಂತ ಪುಸ್ತಕ ಬೇರೆ ಮಾಡಿದ್ದು ಆಗಲೇ.

ಮುಂದಿನ ಹೆಜ್ಜೆ ಹಂಚು. ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿಯ ಜೇಡಿಮಣ್ಣಿನ ಗುಣ ನೋಡಿ, ಜರ್ಮನಿಗೆ ಹೋಗಿ ವಿದ್ಯೆ ಕಲಿತು ಬಂದು, 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದರು. ಮಣ್ಣು ಹೊಳೆಯ ಬದಿಯಲ್ಲೇ ಸಿಗುತ್ತದೆ, ಸಾಗಾಟಕ್ಕೆ ದೋಣಿ ಉಂಟು, ಒಲೆಗೆ ಸೌದೆ ಉಂಟು. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ, ವರ್ಷ ವರ್ಷ ಹೊದೆಸುವ ಕೆಲಸ ಬೇರೆ. ಹಂಚಿಗೆ ಆ ಎರಡೂ ಇಲ್ಲ. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಅವರ ಕಾರ್ಖಾನೆ ಎದ್ದು ನಿಂತಿತು. ಊರಿನವರೂ ಈ ಉದ್ಯಮಕ್ಕೆ ಇಳಿದರು. ಮಿಶನ್ನಿನವರು ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು, ಫರೋಕ್‌ವರೆಗೆ ಕಾರ್ಖಾನೆ ಹಾಕಿದರು.

ಇಲ್ಲಿ ಬದಲಾದದ್ದು ಕಸುಬು ಮಾತ್ರ ಅಲ್ಲ. ಗಂಟೆ ಹೊಡೆದಾಗ ಕೆಲಸಕ್ಕೆ ಬರುವುದು, ಹಣದಲ್ಲಿ ಕೂಲಿ ಪಡೆಯುವುದು, ಕಾಯಿಲೆಗೆ ಅಂತ ನಿಧಿಗೆ ಸ್ವಲ್ಪ ಕೊಡುವುದು, ಉಳಿತಾಯ ಮಾಡುವುದು, ಭಾನುವಾರ ರಜೆ, ಇದೆಲ್ಲ ಇಲ್ಲಿಯ ಜನಕ್ಕೆ ಹೊಸತು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಸೂರಿನಡಿ ಒಂದೇ ಕೆಲಸ ಮಾಡುವುದು ಇನ್ನೂ ಹೊಸತು.

ಆನಂದರಾವ್ ಕೌಂಡಿನ್ಯ: ಒಬ್ಬ ಹುಡುಗ ನಾಯಕನಾದ ಬಗೆ

ಬದಲಾವಣೆಯ ಬೆಲೆ ಎಷ್ಟು ಅಂತ ಕೇಳಿದರೆ ಆನಂದರಾವ್ ಕೌಂಡಿನ್ಯರ ಬದುಕನ್ನೇ ನೋಡಬೇಕು. 1825ರಲ್ಲಿ ಹುಟ್ಟಿದ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ. ಮೋಗ್ಲಿಂಗ್ ಅವರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಊರಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಮನೆಯವರ ನೋವು, ಪೇಟೆಯವರ ಸಿಟ್ಟು, ಎರಡಕ್ಕೂ ಅವರು ಮುಖಕೊಡಬೇಕಾಯಿತು. ಮನೆಯವರ ಕಡೆಯಿಂದ ನೋಡಿದರೆ ಅದು ಮಗನನ್ನೇ ಕಳಕೊಂಡಂತೆ. ಆ ದುಃಖವನ್ನು ಸಣ್ಣದು ಅನ್ನಲಿಕ್ಕೆ ಆಗುವುದಿಲ್ಲ.

1846ರಲ್ಲಿ ಮೋಗ್ಲಿಂಗ್ ಜೊತೆಗೆ ಯುರೋಪಿಗೆ ಹೋಗಿ ಬಾಸೆಲ್‌ನಲ್ಲಿ ಐದು ವರ್ಷ ಓದಿದರು. 1851ರಲ್ಲಿ ಗುರುದೀಕ್ಷೆ ಪಡೆದು ಊರಿಗೆ ವಾಪಸು ಬಂದರು. ಹೆಸರಿನ ಮುಂದೆ 'ಹರ್ಮನ್' ಸೇರಿತ್ತು, ಆದರೆ ಆನಂದರಾವ್ ಎಂಬ ಹೆಸರನ್ನಾಗಲಿ ಕೌಂಡಿನ್ಯ ಎಂಬ ಗೋತ್ರದ ಹೆಸರನ್ನಾಗಲಿ ಅವರು ಬಿಡಲಿಲ್ಲ. 1893ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ನಾಲ್ಕು ದಶಕ ಅವರದು ಮಿಶನ್ನಿನ ಸೇವೆ. ಅದರಲ್ಲಿ ಮುಖ್ಯವಾದದ್ದು ಸೆಮಿನರಿಯಲ್ಲಿ ಕಲಿಸಿದ್ದು. ಸಭೆ ನಡೆಸಬೇಕಾದ ಊರಿನ ಹುಡುಗರಿಗೆ ಊರಿನವರೇ ಒಬ್ಬರು ಗುರು ಆದರು.

ಇನ್ನೊಂದು ವಿಷಯ. ಕೊಡಗಿನಲ್ಲಿ ಭೂಮಿ ಇಲ್ಲದ, ಅಸ್ಪೃಶ್ಯತೆಯ ನೋವು ಉಂಡ ಹೊಲೆಯ ಸಮುದಾಯದಿಂದ ಸಭೆಗೆ ಬಂದವರಿಗಾಗಿ ಒಂದು ವಸತಿ ಕಟ್ಟಿದರು. ಅದಕ್ಕೆ ಆನಂದಪುರ ಅಂತ ಅವರದೇ ಹೆಸರು ಬಂತು. ಮೇಲಿನ ಜಾತಿ ಎನಿಸಿಕೊಂಡ ಮನೆಯಿಂದ ಬಂದ ಒಬ್ಬರ ಹೆಸರು ಹೊತ್ತ ಊರಲ್ಲಿ, ಊರ ಹೊರಗೆ ಇಟ್ಟಿದ್ದ ಜನ ಮನೆ ಕಟ್ಟಿಕೊಂಡರು. ಕೌಂಡಿನ್ಯರಲ್ಲಿ ಆದ ಬದಲಾವಣೆಯ ಅಳತೆ ಬೇಕಾದರೆ ಇದೇ ಸಾಕು.

ಹೊಣೆ ಹಂಚುವ ಪಾಠ

ಕ್ರೈಸ್ತ ನಂಬಿಕೆಯಲ್ಲಿ ನಾಯಕತ್ವದ ಮಾತು ಬಂದಾಗ ಬೈಬಲ್ಲಿನ ಒಂದು ಪ್ರಸಂಗವನ್ನು ಸಭಾಪಾಲಕರು ಮತ್ತೆ ಮತ್ತೆ ಹೇಳುತ್ತಾರೆ. ವಿಮೋಚನಕಾಂಡದ 18ನೇ ಅಧ್ಯಾಯ. ಮೋಶೆ ಬೆಳಗ್ಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಾನೆ. ಅದನ್ನು ನೋಡಿದ ಮಾವ ಇತ್ರೋ, ಹೀಗೆ ಮಾಡಿದರೆ ನೀನೂ ಬಸವಳಿಯುತ್ತಿ, ಜನರೂ ಬಸವಳಿಯುತ್ತಾರೆ, ನಂಬಿಗಸ್ತರನ್ನು ಆರಿಸಿ ಕೆಲಸ ಹಂಚು ಅಂತ ಬುದ್ಧಿ ಹೇಳುತ್ತಾನೆ. ಮೋಶೆ ಮಾವನ ಮಾತು ಕೇಳಿದ. ಮುಂದೆ ಯೆಹೋಶುವನನ್ನು ತಯಾರು ಮಾಡಿದ್ದರಿಂದಲೇ ಮೋಶೆ ಇಲ್ಲದ ದಿನ ಜನ ದಿಕ್ಕೆಟ್ಟು ಹೋಗಲಿಲ್ಲ. ಹೊಸ ಒಡಂಬಡಿಕೆಯ ಪೌಲನೂ ಹಾಗೆಯೇ. ಡೇರೆ ಮಾಡುವ ಕಸುಬಿನಿಂದ ತನ್ನ ಖರ್ಚು ತಾನು ನೋಡಿಕೊಂಡ, ಒಂದೊಂದು ಊರಲ್ಲಿ ಹಿರಿಯರನ್ನು ನೇಮಿಸಿ ಮುಂದಿನ ಊರಿಗೆ ಹೊರಟ, ತಿಮೊಥೆಯಂಥ ಯುವಕನಿಗೆ ಹೊಣೆ ಕೊಟ್ಟ.

ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಈ ಪಾಠ ಒಂದು ಮಟ್ಟಿಗೆ ನಡೆಯಿತು. ಪ್ರತಿ ಸಭೆಗೂ ಹಿರಿಯರು, ಹಳ್ಳಿಗಳಲ್ಲಿ ಉಪದೇಶಿಗಳು, ಶಾಲೆಗೆ ಮಾಸ್ಟ್ರು, ಆಮೇಲೆ ದೀಕ್ಷೆ ಪಡೆದ ಸ್ಥಳೀಯ ಸಭಾಪಾಲಕರು. ಎಲ್ಲರನ್ನೂ ತಯಾರು ಮಾಡಲಿಕ್ಕೆ ಬಲ್ಮಠದ ಸೆಮಿನರಿ. ಹೆಣ್ಣುಮಕ್ಕಳ ಶಾಲೆಗಳಿಂದ ಶಿಕ್ಷಕಿಯರೂ ಹೊರಬಂದರು. ಹಾಗಂತ ಎಲ್ಲ ಸರಿ ಇತ್ತು ಅಂತ ಅಲ್ಲ. ಕೊನೆಯ ಮಾತು ಬಹುಕಾಲ ಯುರೋಪಿನವರದ್ದೇ. ಪೂರ್ಣ ಅಧಿಕಾರ ಬಿಟ್ಟುಕೊಡುವುದರಲ್ಲಿ ಮಿಶನ್ ನಿಧಾನವೇ.

1914: ಪರೀಕ್ಷೆಯ ಕಾಲ

1914ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಜರ್ಮನಿ ನಡುವೆ ಯುದ್ಧ ಶುರುವಾಯಿತು. ಮಿಶನ್ನಿನ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿ ಇದ್ದರೂ ಇಲ್ಲಿ ಕೆಲಸಕ್ಕಿದ್ದ ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು. ಬ್ರಿಟಿಷ್ ಸರಕಾರದ ಕಣ್ಣಿಗೆ ಅವರು ಶತ್ರು ದೇಶದ ಪ್ರಜೆಗಳು. ಗಂಡಸರನ್ನು ಅಹ್ಮದ್‌ನಗರದ ಶಿಬಿರಕ್ಕೆ ಒಯ್ದರು. ಕುಟುಂಬಗಳನ್ನು ಬಳ್ಳಾರಿಯಲ್ಲಿ ಇಟ್ಟರು. 1915 ಮತ್ತು 1916ರಲ್ಲಿ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಹಲವರನ್ನು ಯುರೋಪಿಗೆ ಕಳಿಸಿಬಿಟ್ಟರು. ಎಂಬತ್ತು ವರ್ಷದ ನಂಟು ಎರಡು ವರ್ಷದೊಳಗೆ ಕಡಿದ ಹಾಗಾಯಿತು.

ಈಗ ಎರಡು ಲೆಕ್ಕ ನೋಡಿ.

ಒಂದನೆಯದು, ಕಾರ್ಖಾನೆ ಮತ್ತು ವ್ಯಾಪಾರ. ಮಣ್ಣು ಕಲಸಿದ್ದು, ಅಚ್ಚು ಒತ್ತಿದ್ದು, ಒಲೆ ನೋಡಿಕೊಂಡದ್ದು, ಮೇಸ್ತ್ರಿ ಕೆಲಸ ಮಾಡಿದ್ದು, ಲೆಕ್ಕ ಬರೆದದ್ದು ನಮ್ಮ ಊರಿನವರು. ಆದರೆ ಒಡೆತನ ಬಾಸೆಲ್‌ನಲ್ಲಿ, ಮೇಲಿನ ಆಡಳಿತ ಯುರೋಪಿನವರಲ್ಲಿ. ಸರಕಾರ ಕೈಹಾಕಿದಾಗ ತಮ್ಮದು ಅಂತ ಹೇಳಲಿಕ್ಕೆ ಕೆಲಸಗಾರರ ಹತ್ತಿರ ಒಂದು ಕಾಗದವೂ ಇರಲಿಲ್ಲ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಕಾರ್ಖಾನೆಗಳು ಹೋದವು.

ಎರಡನೆಯದು, ಸಭೆ. ಪಾದ್ರಿಗಳು ಇಲ್ಲವೆಂದು ಭಾನುವಾರ ನಿಲ್ಲಲಿಲ್ಲ. ಮಗು ಹುಟ್ಟಿದಾಗ ದೀಕ್ಷಾಸ್ನಾನ, ಮದುವೆ, ಸತ್ತಾಗ ಮಣ್ಣು, ಯಾವುದೂ ನಿಲ್ಲುವಂತಿರಲಿಲ್ಲ. ಅದನ್ನೆಲ್ಲ ನಡೆಸಿದವರು ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಹಿರಿಯರು, ಶಾಲೆಯ ಮಾಸ್ಟ್ರುಗಳು. ಹೊರಗಿನ ಹಣ ನಿಂತಾಗ ಕಾಣಿಕೆ ಡಬ್ಬಿಯನ್ನೇ ನಂಬಬೇಕಾಯಿತು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ದೊಡ್ಡ ಪುಸ್ತಕದಲ್ಲೂ ಇಲ್ಲ. ಆದರೆ ಆ ವರ್ಷಗಳನ್ನು ದಾಟಿಸಿದ್ದು ಅವರೇ.

ನಂಬಿಕೆ ಇದ್ದದ್ದರಿಂದ ಉಳಿಯಿತು ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಆದರೆ ನಂಬಿಕೆ ಕಾರ್ಖಾನೆಯಲ್ಲೂ ಇತ್ತು, ಅಲ್ಲಿಯೂ ದಿನ ಶುರುವಾಗುತ್ತಿದ್ದದ್ದು ಪ್ರಾರ್ಥನೆಯಿಂದಲೇ. ವ್ಯತ್ಯಾಸ ಇದ್ದದ್ದು ಇಲ್ಲಿ: ಸಭೆಯಲ್ಲಿ ಜನರಿಗೆ ಕೆಲಸದ ಜೊತೆಗೆ ಹೊಣೆಯನ್ನೂ ಕೊಟ್ಟಿದ್ದರು. ಕಾರ್ಖಾನೆಯಲ್ಲಿ ಕೆಲಸ ಮಾತ್ರ ಕೊಟ್ಟಿದ್ದರು.

ಕೆಥೋಲಿಕರ ಕಡೆ ನಡೆದದ್ದು

ಇದೇ ಊರಲ್ಲಿ ಇದೇ ಕಾಲದಲ್ಲಿ ಇನ್ನೊಂದು ಉದಾಹರಣೆ ಉಂಟು. ಇಟಲಿಯ ಜೆಸ್ವಿತ್ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. ಮರುವರ್ಷವೇ, 1879ರಲ್ಲಿ, ಸಂತ ಜೋಸೆಫರ ಸೆಮಿನರಿ ಶುರು ಮಾಡಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಬಂತು. ಅದೇ ವರ್ಷ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಿ ಕೊಡಲಾರಂಭಿಸಿದರು. ಮೊದಲ ಬಿಷಪರುಗಳು ಇಟಲಿಯವರೇ. ಆದರೆ ಸೆಮಿನರಿಯಿಂದ ಗುರುಗಳು ತಯಾರಾಗುತ್ತಾ ಬಂದರು. 1928ರಲ್ಲಿ ವಲೇರಿಯನ್ ಡಿಸೋಜ ಬಿಷಪ್ ಆದಾಗ ಧರ್ಮಪ್ರಾಂತ್ಯದ ಚುಕ್ಕಾಣಿ ಭಾರತೀಯ ಗುರುವಿನ ಕೈಗೆ ಬಂತು. ಯುದ್ಧವಿಲ್ಲದೆ, ಬಂಧನವಿಲ್ಲದೆ, ತಯಾರಿ ಮಾಡಿ ಕೊಟ್ಟ ಅಧಿಕಾರ ಅದು. ಅದಕ್ಕೂ ಸುಮಾರು ಐವತ್ತು ವರ್ಷ ಹಿಡಿಯಿತು ಅನ್ನುವುದನ್ನು ಮರೆಯಬಾರದು.

ಆಮೇಲೆ ಏನಾಯಿತು?

ಯುದ್ಧದ ನಂತರ ಸ್ವಿಸ್ ನೆರವು ಮತ್ತೆ ಬಂತು. 1923ರಲ್ಲಿ ಡಾ. ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ಆರಂಭಿಸಿದರು. ಉಡುಪಿಯವರು ಇಂದಿಗೂ ಮಿಶನ್ ಆಸ್ಪತ್ರೆ ಅನ್ನುವುದು ಅದನ್ನೇ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಮತ್ತೊಮ್ಮೆ ಬಂಧನಕ್ಕೆ ಒಳಗಾದರು. ಆದರೆ ಈ ಸಲ ಸಭೆಗಳಿಗೆ ಅದು ಮೊದಲ ಅನುಭವ ಅಲ್ಲ.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರೇ ವಾರದಲ್ಲಿ, ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಐಕ್ಯ ಸಭೆಗಳು ಕೂಡಿ ಸಿಎಸ್‌ಐ ಆಯಿತು. ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳಲ್ಲಿ ಹಲವು ಮುಂದಿನ ವರ್ಷಗಳಲ್ಲಿ ಹಂತಹಂತವಾಗಿ ಅದರೊಳಗೆ ಬಂದವು. ಈಗ ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯದ ಕೇಂದ್ರ ಬಲ್ಮಠದಲ್ಲೇ ಉಂಟು. ಬದಲಾವಣೆ ಅಲ್ಲಿಗೂ ನಿಲ್ಲಲಿಲ್ಲ. ಸಿಎಸ್‌ಐಯಲ್ಲಿ ಮಹಿಳೆಯರಿಗೆ ಗುರುದೀಕ್ಷೆ 1976ರಲ್ಲಿ ಶುರುವಾಯಿತು. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮೊದಲ ಮಹಿಳಾ ಬಿಷಪ್ ಬಂದರು.

ಅಂಗಡಿ, ಸಂಘ ನಡೆಸುವವರಿಗೆ ಇದರಲ್ಲಿ ಏನುಂಟು?

ಯಾವ ಧರ್ಮದವರಾದರೂ ಸರಿ, ನಿಮ್ಮ ಅಂಗಡಿಗೋ ಸಂಘಕ್ಕೋ ಈ ನಾಲ್ಕು ಪ್ರಶ್ನೆ ಹಾಕಿ ನೋಡಿ.

1. ನಾಳೆ ಬೆಳಗ್ಗೆ ನೀವು ಬರದಿದ್ದರೆ ಬಾಗಿಲು ತೆಗೆಯುವವರು ಯಾರು? ಬೀಗದ ಕೈ ಇದ್ದರೆ ಸಾಲದು. ಹೋಲ್‌ಸೇಲಿನವರ ಪರಿಚಯ, ಬ್ಯಾಂಕಿನ ವ್ಯವಹಾರ, ಸಾಲದ ಪುಸ್ತಕ ಗೊತ್ತಿರುವವರು ಇದ್ದಾರಾ?
2. ಮಗನಿಗೆ, ಮಗಳಿಗೆ, ಹಳೆಯ ಕೆಲಸದವನಿಗೆ ಕೊಟ್ಟಿದ್ದು ಬರೀ ಕೆಲಸವಾ, ನಿರ್ಧಾರ ಮಾಡುವ ಹೊಣೆಯಾ? ಸಣ್ಣ ವಿಷಯದಲ್ಲಿ ತಪ್ಪು ಮಾಡಿ ಕಲಿಯಲು ಬಿಟ್ಟಿದ್ದೀರಾ?
3. ಒಡೆತನ ಕಾಗದದಲ್ಲಿ ಉಂಟಾ? ಬಾಯಿಮಾತಿನ ಪಾಲು ಕಷ್ಟಕಾಲದಲ್ಲಿ ನಿಲ್ಲುವುದಿಲ್ಲ. ಸಂಘದ ಹಣ ಒಬ್ಬರ ಹೆಸರಲ್ಲಿ ಇದ್ದರೆ ಅದು ಸಂಘದ್ದಲ್ಲ.
4. ಹೊರಗಿನ ಒಂದೇ ಕೈಯನ್ನು ನಂಬಿ ಕೂತಿದ್ದೀರಾ? ಒಬ್ಬನೇ ಸಪ್ಲೈಯರ್, ಒಬ್ಬನೇ ದಾನಿ, ಒಂದೇ ಆ್ಯಪ್ ಆದರೆ ಅದು ನಿಂತ ದಿನ ಏನು ಗತಿ?

ಬಲ್ಮಠದ ಸಭೆಯವರಿಗೆ ಈ ಪ್ರಶ್ನೆಗಳನ್ನು ಯುದ್ಧ ಕೇಳಿತು. ಉತ್ತರ ತಯಾರು ಮಾಡಲು ಹೆಚ್ಚು ಕಾಲ ಸಿಗಲಿಲ್ಲ. ಅವರ ಹತ್ತಿರ ಇದ್ದ ಉತ್ತರವೆಲ್ಲ ಅದಕ್ಕೆ ಅರವತ್ತು-ಎಂಬತ್ತು ವರ್ಷ ಹಿಂದೆ ಸೆಮಿನರಿಯ ಬೆಂಚಿನ ಮೇಲೆ, ಹಿರಿಯರ ಕೂಟದಲ್ಲಿ ತಯಾರಾಗುತ್ತಾ ಬಂದದ್ದು.

ನೋಡಬೇಕೆಂದರೆ

ಮಂಗಳೂರಿನ ಬಲ್ಮಠ ಗುಡ್ಡಕ್ಕೆ ಹೋದರೆ ಶಾಂತಿ ಕೆಥೆಡ್ರಲ್, ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬಾಸೆಲ್ ಮಿಶನ್ ಅಚ್ಚುಕೂಟದ ಪರಂಪರೆಯ ಮುದ್ರಣ ಸಂಸ್ಥೆ ಎಲ್ಲ ಹತ್ತಿರ ಹತ್ತಿರವೇ ಉಂಟು. ಕಾಲೇಜಿನ ಸಂಗ್ರಹದಲ್ಲಿ ಮಿಶನ್ ಕಾಲದ ಹಳೆಯ ಪುಸ್ತಕ, ದಾಖಲೆಗಳಿವೆ. ಸಂಶೋಧನೆ ಮಾಡುವವರು ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು.

ಅಷ್ಟು ದೂರ ಹೋಗಲಿಕ್ಕೆ ಆಗದವರು ನಿಮ್ಮ ಹಳೆಯ ಮನೆಯ ಅಥವಾ ಅಂಗಡಿಯ ಮಾಡಿನಿಂದ ಇಳಿಸಿದ ಒಂದು ಹಂಚನ್ನು ತಿರುಗಿಸಿ ನೋಡಿ. ಜೆಪ್ಪುವಿನ ಹಂಚಾದರೆ ಹಿಂಬದಿಯಲ್ಲಿ ಬಾಸೆಲ್ ಮಿಶನ್ ಎಂಬ ಅಚ್ಚು, 1865 ಎಂಬ ಇಸವಿ ಇರಬಹುದು. ಅದು ಕಾರ್ಖಾನೆ ಶುರುವಾದ ವರ್ಷ. ಹಂಚು ಅದೇ ವರ್ಷದ್ದು ಅಂತ ತಿಳಿಯಬೇಡಿ. ಜೊತೆಗೆ ಕಾಮನ್‌ವೆಲ್ತ್ ಟ್ರಸ್ಟ್ ಹೆಸರೂ ಇದ್ದರೆ ಆ ಹಂಚು ಯುದ್ಧದ ನಂತರದ್ದು, ಅಂದರೆ ಕಾರ್ಖಾನೆ ಕೈಬದಲಾದ ಮೇಲಿನದ್ದು. ಗುಜರಿಗೆ ಹಾಕುವ ಮುಂಚೆ ಒಂದೆರಡನ್ನಾದರೂ ಎತ್ತಿಡಿ.